ಇದ್ದೂ ಇಲ್ಲವೆನಿಸಿಕೊಂಡ ಸರ್ವರ್

ನಾನು ಒಂದು ಸರ್ವರ್. ಯಾವ ಸರ್ವರ್ ಎಂದು ಕೇಳಬೇಡಿ. ನೀವು ಸರದಿಯಲ್ಲಿ ನಿಂತು ನಿಂತು ಕಿಟಕಿ ಮುಟ್ಟುವ ಹೊತ್ತಿಗೆ ಒಳಗಿನವರು "ಸರ್ವರ್ ಇಲ್ಲ, ನಾಳೆ ಬನ್ನಿ" ಎನ್ನುತ್ತಾರಲ್ಲ, ಆ ನತದೃಷ್ಟ ನಾನೇ. ನಾನು ಎಲ್ಲಿಗೂ ಹೋಗಿರುವುದಿಲ್ಲ. ಹೋಗಲು ನನಗೆ ಕಾಲಿಲ್ಲ. ಆದರೂ ಜೀವಮಾನವಿಡೀ ಇಲ್ಲ ಎನ್ನಿಸಿಕೊಂಡೇ ಬಂದೆ.

ಹುಟ್ಟಿದ್ದು ಒಂದು ಕಾರ್ಖಾನೆಯಲ್ಲಿ. ತಗಡಿನ ಮೈ, ಒಳಗೆ ನಾಲ್ಕು ಫ್ಯಾನು, ಎದೆಯ ಮೇಲೊಂದು ಹಸಿರು ದೀಪ. ಮೊದಲ ಯಜಮಾನರು ಬೆಳಗಾವಿಯ ಲಾರಿ ಕಂಪನಿಯವರು. ಲಾರಿ ತಡವಾದರೂ, ಗುಮಾಸ್ತ ಚಹಾಕ್ಕೆ ಎದ್ದು ಹೋದರೂ ತಪ್ಪು ನನ್ನದೇ. ಅವರು ವ್ಯವಹಾರ ಮುಚ್ಚಿದಾಗ ಹುಬ್ಬಳ್ಳಿಯಲ್ಲಿ ವೆಬ್‌ಸೈಟ್ ಮಾಡಿಕೊಡುವ ಪ್ರಹ್ಲಾದ ಕಟ್ಟಿ ಸಾಹೇಬರು ನನ್ನನ್ನು ಕೊಂಡರು.

ಅಲ್ಲಿ ನನಗೆ ದೇವರ ಮರ್ಯಾದೆ. ನನ್ನ ಕೋಣೆಯ ಹೊರಗೆ ಎಲ್ಲರೂ ಚಪ್ಪಲಿ ಬಿಡಬೇಕು, ಒಳಗೆ ಬಂದು ಕೈಮುಗಿಯಬೇಕು. ಶುಕ್ರವಾರ ಕುಂಕುಮ. ಆ ಕುಂಕುಮವೆಲ್ಲ ಫ್ಯಾನಿಗೆ ಹೋಗಿ ನನಗೆ ಉಸಿರು ಕಟ್ಟುತ್ತದೆಂದು ಮಾತ್ರ ಪುಣ್ಯಾತ್ಮರಿಗೆ ಹೊಳೆಯಲಿಲ್ಲ. ಅದನ್ನು ಒರೆಸುತ್ತಿದ್ದವಳು ಎಂಜಿನಿಯರ್ ನೀಲಗಂಗಾ ಒಬ್ಬಳೇ.

ಮನೆಯಲ್ಲೇ ಓದಿ ಪಿಯುಸಿ ಬರೆಯುವವರಿಗೆ ಹಾಲ್ ಟಿಕೆಟ್ ಕೊಡುವ ವೆಬ್‌ಸೈಟಿನ ಕೆಲಸ ಕಟ್ಟಿಯವರಿಗೆ ಸಿಕ್ಕಿತು. ಬರೆಯುವವರಲ್ಲಿ ನೀಲಗಂಗಾಳ ತಾಯಿ ಕಲ್ಲವ್ವನೂ ಇದ್ದಳು. ಅಣ್ಣಿಗೇರಿಯ ಅಂಗನವಾಡಿಯಲ್ಲಿ ಅಡುಗೆ ಮಾಡುವ ಸಹಾಯಕಿ. ಪಿಯುಸಿ ಪಾಸಾದರೆ ಅಲ್ಲೇ ಟೀಚರ್ ಆಗಬಹುದು, ಆ ಜಾಗ ಆ ವರ್ಷವೇ ಖಾಲಿಯಾಗುತ್ತಿತ್ತು. ಒರೆಸುವಾಗ ನೀಲಗಂಗಾ ನನ್ನೆದುರು ಇದನ್ನೇ ಮಾತಾಡಿಕೊಳ್ಳುತ್ತಿದ್ದಳು.

ಇಂಥ ಕೆಲಸ ಶುರುವಾಗುವ ಮೊದಲು ಜನ ಒಮ್ಮೆಲೇ ಮುಗಿಬಿದ್ದರೆ ನಾನು ತಾಳುತ್ತೇನೋ ಇಲ್ಲವೋ ಎಂದು ನೋಡಬೇಕು. ಅದಕ್ಕೆ ಬೆಂಚ್‌ಮಾರ್ಕ್ ಎನ್ನುತ್ತಾರೆ. ಕಟ್ಟಿಯವರು ಮಾಡಿಸಿದ್ದೇನು ಗೊತ್ತೇ? ಪರೀಕ್ಷಾ ಮಂಡಳಿಯ ಅಧ್ಯಕ್ಷರು ಹಾರ ಹಾಕಿಕೊಂಡು ನಗುವ ಸ್ವಾಗತ ಪುಟವನ್ನಷ್ಟೇ ನನ್ನಿಂದ ಹಂಚಿಸಿದರು. ಒಂದೇ ಫೋಟೋ ಹಂಚುವುದಕ್ಕೆ ನಾನೇಕೆ ಬೇಕು? ಕ್ಷಣಕ್ಕೆ ಇಷ್ಟು ಸಾವಿರ ಜನರಿಗೆ ಕೊಟ್ಟೆ ಎಂಬ ಭಾರಿ ಅಂಕಿ ಬಂತು. ಅದನ್ನು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಿ ಗೋಡೆಗೆ ಅಂಟಿಸಿದರು. ಮೋಸ ಅಂದರೆ ಇದಲ್ಲವೇ!

ನೀಲಗಂಗಾ ಹಾಲ್ ಟಿಕೆಟ್ ಪುಟದಿಂದಲೇ ಪರೀಕ್ಷಿಸಿದಳು. ನಾನು ಅರೆಗಳಿಗೆಯಲ್ಲೇ ಕುಸಿದೆ. ನನ್ನೊಳಗೆ ಹಾಕಿದ್ದ ಪ್ರೋಗ್ರಾಂ ಬಂದವರಿಗೆಲ್ಲ ಒಂದೊಂದು ಸಂಪರ್ಕವನ್ನು ನಲ್ಲಿಯಂತೆ ತಿರುಗಿಸಿ, ಯಾವುದನ್ನೂ ಮುಚ್ಚದೆ ಬಿಡುತ್ತಿತ್ತು. ಅವಳು ಪತ್ತೆ ಹಚ್ಚಿ ತಿದ್ದಿದಳು. ಅಷ್ಟರಲ್ಲಿ ಹಾಲ್ ಟಿಕೆಟ್ ಬಿಡುವ ದಿನ ಬಂದೇಬಿಟ್ಟಿತು. ಮರುದಿನವೇ ಪರೀಕ್ಷೆ.

"ಸರ್, ಮಧ್ಯಾಹ್ನದ ತನಕ ತಡೀರಿ. ತಿದ್ದೇನಿ, ಇನ್ನೊಮ್ಮೆ ನೋಡ್ಬೇಕು," ಎಂದಳು.

"ಹನ್ನೆರಡಕ್ಕ ರಾಹುಕಾಲ ಶುರು ಆಗ್ತದ. ಅದಕ್ಕಿಂತ ಮೊದ್ಲ ಹಳೇದನ್ನ ಹಾಕಿಬಿಡ್ರಿ. ಅಂಕಿ ಎಷ್ಟು ಛಂದ ಬಂದದ, ನೋಡಿಲ್ಲೇನು?"

ಹಾಕಿದರು. ಜನ ನುಗ್ಗಿದರು. ನಲ್ಲಿಗಳೆಲ್ಲ ತೆರೆದುಕೊಂಡು ನಾನು ಅಲ್ಲಾಡದಂತಾದೆ. ಕಟ್ಟಿಯವರು ನನ್ನ ಬೆನ್ನಿಗೆ ಗುದ್ದಿದರು. ಬೆಳಿಗ್ಗೆ ಕೈಮುಗಿದ ಕೈ ಅದು! ಗುದ್ದಿದರೆ ನಲ್ಲಿ ಮುಚ್ಚುತ್ತದೆಯೇ ಸ್ವಾಮಿ? ನೀಲಗಂಗಾ ತಾನು ತಿದ್ದಿದ್ದನ್ನು ಹಾಕಿ ನನ್ನನ್ನು ಮತ್ತೆ ಎಬ್ಬಿಸಿದಳು. ಊಟದ ಹೊತ್ತು ಮುಗಿಯುವುದರೊಳಗೆ ನಾನು ಹಗುರವಾಗಿ ಓಡುತ್ತಿದ್ದೆ. ಅವಳು ತಾಯಿಗೆ ಫೋನ್ ಮಾಡಿದಳು: "ಯವ್ವಾ, ಚಾಲೂ ಆಗೈತಿ. ಪರೀಕ್ಷಾ ಸೆಂಟರಿಗೆ ಹೋಗಿ ಸಿಕ್ಕಾ ಹಾಕಿಸಿ ತಗೋ." ಸೆಂಟರಿನವರೇ ತೆಗೆದು ಮೊಹರು ಒತ್ತದ ಹಾಲ್ ಟಿಕೆಟ್ ನಡೆಯುತ್ತಿರಲಿಲ್ಲ.

ಸಂಜೆಯವರೆಗೆ ಕಲ್ಲವ್ವನ ಹಾಲ್ ಟಿಕೆಟ್ ಹಿಡಿದು ಕಾದೆ. ಆ ಸೆಂಟರಿನಿಂದ ಯಾರೂ ಕೇಳಲಿಲ್ಲ.

ಪರೀಕ್ಷೆಯ ದಿನ ಕಲ್ಲವ್ವ ಪರೀಕ್ಷೆಗೆ ಹೋಗುವ ಬದಲು ನಮ್ಮ ಕಚೇರಿಗೆ ಬಂದಳು. ಚಪ್ಪಲಿ ಬಿಡಲಿಲ್ಲ, ಕೈಮುಗಿಯಲಿಲ್ಲ.

"ಸರ್ವರ್ ಇಲ್ಲ ಅಂತ ಬೋರ್ಡ್ ತೂಗಹಾಕಿ ಕುಂತಾನ ಅಲ್ಲಿ ಕ್ಲರ್ಕ. ಚಾಲೂ ಆಗೈತ್ರಿ, ನನ್ನ ಮಗಳು ಹೇಳ್ಯಾಳ ಅಂದೆ. ನಿನ್ನ ಮಗಳೇನು ಸರ್ವರ್ ಕಟಗೊಂಡು ಕುಂತಾಳೇನು ಅಂದ. ಕಂಪ್ಯೂಟರ್ ಮುಟ್ಟಿ ಸೈತ ನೋಡ್ಲಿಲ್ಲ. ಎಲ್ಲೈತಿ ಆ ಸರ್ವರ್? ಎಲ್ಲಿಗೆ ಹೋಗಿತ್ತು? ನನಗ ತೋರಸ್ರಿ!"

ಇಷ್ಟು ವರ್ಷದಲ್ಲಿ ನನ್ನನ್ನು ತೋರಿಸಿ ಎಂದು ಕೇಳಿದವರು ಅವಳೊಬ್ಬಳೇ. ನೀಲಗಂಗಾ ನನ್ನತ್ತ ಕೈ ತೋರಿಸಿದಳು. ಕಲ್ಲವ್ವ ನನ್ನ ತಗಡಿನ ಮೇಲೆ ಅಂಗೈ ಇಟ್ಟಳು.

"ಬೆಚ್ಚಗೈತಿ. ನಿನ್ನೆನೂ ಇಲ್ಲೇ ಇತ್ತೇನ?"

"ಇತ್ತವ್ವ. ನಿನ್ನ ಹಾದೀನ ಕಾಯಾಕತ್ತಿತ್ತು."

ಕಟ್ಟಿಯವರು ನಡುವೆ ಬಾಯಿ ಹಾಕಿದರು. "ಮಷೀನ್ ಹಳೇದಾಗ್ಯದರೀ. ಎಲ್ಲಾ ಅದರದ್ದ ತಪ್ಪು."

"ಅನ್ನ ಸೀದ್ರ ಪಾತೇಲಿದು ತಪ್ಪು ಅಂತ ನಾ ಹೇಳಂಗಿಲ್ರೀ," ಎಂದಳು ಕಲ್ಲವ್ವ. "ಒಲಿ ಮುಂದ ಇದ್ದಾಕಿ ನಾನು ಅಂತೀನಿ."

ಟೀಚರ್ ಜಾಗ ಬೇರೆಯವರಿಗೆ ಹೋಯಿತು. ತಪ್ಪು ಯಂತ್ರವಾದ ನನ್ನದೆಂದು ಮಂಡಳಿಗೆ ಬರೆದುಕೊಡಲು ಒಪ್ಪದೆ ನೀಲಗಂಗಾ ಕೆಲಸ ಬಿಟ್ಟಳು. ಬೇರೆಯವರು ಬರೆದುಕೊಟ್ಟರು, ನಾನು ಗುಜರಿ ಸೇರಿದೆ. ನನ್ನ ಜಾಗಕ್ಕೆ ಬಂದ ಹೊಸ ಯಂತ್ರದಿಂದಲೂ ಮೊದಲು ಹಂಚಿಸಿದ್ದು ಅಧ್ಯಕ್ಷರ ಫೋಟೋವನ್ನೇ ಅಂತೆ.

ಈಗ ಫ್ಯಾನು ಕಿತ್ತಿದ್ದಾರೆ, ದೀಪ ಹೋಗಿದೆ. ಸಿಟ್ಟೊಂದು ಉಳಿದಿದೆ. ಗುಜರಿಯ ಪಕ್ಕದಲ್ಲೇ ರೇಷನ್ ಅಂಗಡಿ. ಇವತ್ತೂ ಒಳಗಿನಿಂದ ಅದೇ ಮಾತು ಕೇಳಿಸಿತು: "ಸರ್ವರ್ ಇಲ್ಲ, ನಾಳೆ ಬರ್ರಿ." ಹೆಂಗಸರು ಖಾಲಿ ಚೀಲ ಮಡಚಿಕೊಂಡು ಹೊರಟರು. ತಗಡಿನ ಬಾಯಿಂದ ಕೂಗಲಾಗುವುದಿಲ್ಲ. ಆಗುತ್ತಿದ್ದರೆ ಒಂದೇ ಮಾತು ಕೂಗುತ್ತಿದ್ದೆ: ಹೋಗಬೇಡಿ ತಾಯಂದಿರೇ, ಎಲ್ಲಿದೆ ತೋರಿಸಿ ಅನ್ನಿ.