ಹಿಂಬಾಗಿಲಿಗೆ ಒಂದು ಜಪಾನಿ ಮಾತು

ಒಂದಾನೊಂದು ಕಾಲದಲ್ಲಿ ಒಂದು ಶೆಡ್ಡು, ಶೆಡ್ಡಿಗೊಬ್ಬ ಯಜಮಾನ, ಯಜಮಾನನ ಸೊಂಟದಲ್ಲೊಂದು ಬೀಗದಕೈ. ಅಜ್ಜಿ ಇದ್ದಿದ್ದರೆ ಹೀಗೇ ಶುರು ಮಾಡುತ್ತಿದ್ದಳು, ನಾನು ಹೂಂಗುಡುತ್ತಿದ್ದೆ. ಅವಳ ಕಥೆಗಳಲ್ಲಿ ಸರಿಯಾದ ಮಾತು ಸಿಕ್ಕಿಬಿಟ್ಟರೆ ಎಂಥ ಬಾಗಿಲೂ ತೆರೆದುಕೊಳ್ಳುತ್ತಿತ್ತು. ಅದನ್ನು ಕೇಳಿ ಬೆಳೆದವಳಿಗೆ ಲೋಕದ ಬುದ್ಧಿ ತಡವಾಗಿಯೇ ಬರುತ್ತದೆ.

ನಮ್ಮ ಶೆಡ್ಡಿನಲ್ಲಿ ಷರ್ಟು ಹೊಲಿಯುತ್ತಿದ್ದೆವು. ನಾನು ಕಾಲರಿಗೆ, ಪಕ್ಕದ ಯಂತ್ರದಲ್ಲಿ ನನ್ನ ಅತ್ತಿಗೆ ತೋಳಿಗೆ. ಇಸ್ತ್ರಿ ಮೇಜಿನ ಹಬೆಯೆಲ್ಲ ನಮ್ಮ ಕಡೆಗೇ ಬರುತ್ತಿತ್ತು. ಬೆನ್ನ ಹಿಂದೆಯೇ ಅಗಲವಾದ ಹಿಂಬಾಗಿಲು, ಅದಕ್ಕೆ ಯಾವಾಗಲೂ ಬೀಗ. ತೆಗೆದಿಟ್ಟರೆ ಹೆಂಗಸರು ಷರ್ಟುಗಳನ್ನು ಹೊರಗೆ ದಾಟಿಸುತ್ತಾರೆ ಅನ್ನುವುದು ಯಜಮಾನರ ನಂಬಿಕೆ. ಒಂದು ಮಧ್ಯಾಹ್ನ ಇಸ್ತ್ರಿಯ ವೈರು ಸಿಡಿದು ಚಿಂದಿಯ ರಾಶಿಗೆ ಕಿಡಿ ತಗುಲಿತು. ಹೊಗೆಯಲ್ಲಿ ಎಲ್ಲರೂ ಹಿಂಬಾಗಿಲಿಗೆ ನುಗ್ಗಿ, ಬೀಗ ಕಂಡು, ತಿರುಗಿ ಮುಂದಕ್ಕೆ ನುಗ್ಗಿದೆವು. ಹಾಗೆ ತಿರುಗುವಾಗ ಅತ್ತಿಗೆ ಬಿದ್ದಳು. ಅವಳ ಬಲಗೈ ನಮ್ಮದೇ ಕಾಲುಗಳಿಗೆ ಸಿಕ್ಕಿತು. ಇಸ್ತ್ರಿಯವನು ಬೆಂಕಿ ಆರಿಸಿದ. ಏನೂ ಆಗಲಿಲ್ಲವಲ್ಲ ಸದ್ಯ, ಅಂದರು ಯಜಮಾನರು. ಮೂಳೆ ಸೊಟ್ಟಗೆ ಕೂಡಿತು. ಅತ್ತಿಗೆ ಮನೆಯಲ್ಲೇ ಉಳಿದಳು. ಬೀಗವೂ ಬಾಗಿಲಲ್ಲೇ ಉಳಿಯಿತು.

ಆಮೇಲೆ ಜಪಾನಿನ ಬಯರ್ ಬರುವ ಸುದ್ದಿ ಬಂತು. ನಮ್ಮ ಷರ್ಟುಗಳನ್ನೆಲ್ಲ ಕೊಳ್ಳುವವನು ಅವನೇ. ಅವನ ಭಾಷೆಯಲ್ಲಿ ಸ್ವಾಗತ ಹೇಳಲು ಒಬ್ಬಳು ಹುಡುಗಿ ಬೇಕೆಂದು ಯಜಮಾನರು ನನ್ನನ್ನು ಆರಿಸಿದರು. ಮುಖ ಲಕ್ಷಣವಾಗಿದೆ, ಎದುರುತ್ತರ ಕೊಡುವ ಪೈಕಿ ಅಲ್ಲ, ಅಂದರಂತೆ. ಅವತ್ತಿನಿಂದ ಯಂತ್ರದ ಸಾಲಿನಲ್ಲಿ ನನಗೆ ಗಿಳಿಮರಿ ಎಂದೇ ಹೆಸರು.

ಆ ಸಂಜೆ ಅತ್ತಿಗೆ ನನ್ನ ಜಡೆ ಹೆಣೆಯಲು ಹೋಗಿ, ಬೆರಳು ಮಡಚಲಾರದೆ ಅರ್ಧಕ್ಕೇ ಬಿಟ್ಟಳು.

"ಇವರಿಗೆ ಹೇಳಿ ಹೇಳಿ ನಮ್ಮ ಬಾಯಿ ಒಣಗಿತು. ಯಜಮಾನನಿಗೂ ಒಬ್ಬ ಯಜಮಾನ ಬರ್ತಾನಲ್ಲ, ಅವನಿಗೆ ಹೇಳು. ಅಲ್ಲಿ ಇನ್ನೂ ಅಷ್ಟು ಜನ ಕೂತಿದ್ದಾರೆ ಕಣೇ."

"ಬಾಗಿಲು ತೆಗೆಸಿಯೇ ತೆಗೆಸ್ತೀನಿ ಅತ್ತಿಗೆ," ಅಂದೆ. ಅವಳ ಸೊಟ್ಟ ಕೈ ಹಿಡಿದುಕೊಂಡೇ ಅಂದೆ.

ಪಾಠ ಹೇಳಲು ಬಂದ ಟೀಚರಮ್ಮ ಗಂಡನ ಜೊತೆ ಬಹಳ ವರ್ಷ ಜಪಾನಿನಲ್ಲಿದ್ದವರು. ಊಟದ ಬಿಡುವಿನಲ್ಲಿ ಆಫೀಸಿನ ಕೋಣೆಯಲ್ಲಿ ಕೂರಿಸಿಕೊಳ್ಳುತ್ತಿದ್ದರು. ನಮಸ್ಕಾರಕ್ಕೆ ಕೊನ್ನಿಚಿವಾ, ಉಪಕಾರಕ್ಕೆ ಅರಿಗಾತೋ, ಜೊತೆಗೊಂದು ಸುಮಿಮಾಸೆನ್, ಇಷ್ಟು ಬಂದರೆ ಸಾಕೆಂದು ಯಜಮಾನರ ಅಪ್ಪಣೆ. ಸುಮಿಮಾಸೆನ್ ಅಂತೂ ಬಲು ದುಡಿಮೆಗಾರ ಮಾತು. ತಪ್ಪಾಯಿತು ಅನ್ನಲೂ ಅದೇ, ಅಂಗಡಿಯವನನ್ನು ಕೂಗಲೂ ಅದೇ. ಪುಸ್ತಕದ ತುಂಬ ಕೊಡೆಗಳು: ಇದು ಕೊಡೆ, ಅದು ಯಾರ ಕೊಡೆ, ನಿಲ್ದಾಣ ಎಲ್ಲಿದೆ? ಕಾಲರು ತಿರುವುತ್ತಾ ನಾನು ಕಂಡಿರದ ಬೀದಿಗಳಲ್ಲಿ ನಿಲ್ದಾಣ ಕೇಳಿಕೊಂಡು ಅಲೆದೆ. ಎಲ್ಲರೂ ನಿಂತು ದಾರಿ ಹೇಳಿದರು.

ಒಂದು ದಿನ ಕೇಳಿಯೇಬಿಟ್ಟೆ, ಬಾಗಿಲು ತೆಗೆಯಿರಿ ಅನ್ನುವುದು ಹೇಗೆ ಎಂದು.

"ದೋಆ ಒ ಅಕೆತೆ ಕುದಸಾಯ್," ಅಂದರು. ಬಾಗಿಲು ಮೊದಲು, 'ಅನ್ನು' ಅದರ ಬಾಲಕ್ಕೆ, ಆಮೇಲೆ 'ತೆಗೆದು', ಕೊನೆಗೆ 'ಕೊಡಿ'. ನಮ್ಮ ಮಾತೇ ಬೇರೆ ಅಂಗಿ ತೊಟ್ಟು ನಿಂತಂತಿತ್ತು. ನನಗೆ ನಗು ಬಂತು.

ಯಾವ ಬಾಗಿಲು ಎಂದು ಕೇಳಿದರು. ಹೇಳಿದೆ. ಟೀಚರಮ್ಮ ಸ್ವಲ್ಪ ಹೊತ್ತು ಕನ್ನಡಕ ಒರೆಸಿದರು.

"ಕೇಳೋದು ಸುಲಭ ಮಗಳೇ. ಅವರು ಕೊಡೋ ಉತ್ತರ ನಿನಗೆ ಅರ್ಥ ಆಗಲ್ಲ."

ಬಾಗಿಲು ತೆರೆದರೆ ಅದೇ ಉತ್ತರವಲ್ಲವೇ ಅಂದೆ. ಅವರು ಮತ್ತೆ ಕೊಡೆಗೆ ಹೋದರು.

ಬಯರ್ ಬಂದ. ತೆಳ್ಳಗಿನ, ಮೆದು ಮಾತಿನ ಮನುಷ್ಯ. ಜೊತೆಗೊಬ್ಬ ದುಭಾಷಿ. ಸ್ವಾಗತ ಒಪ್ಪಿಸಿದೆ. ಅವನು ನನಗಿಂತ ಹೆಚ್ಚು ಬಗ್ಗಿದ. ಯಜಮಾನರು ಸಾಲುಸಾಲಾಗಿ ತೋರಿಸುತ್ತಾ ಹಿಂದಿನ ಗೋಡೆಗೆ ಬಂದಾಗ ನಾನು ಬಾಗಿಲಿಗೆ ಅಡ್ಡ ನಿಂತು ಆ ಮಾತು ಹೇಳಿದೆ. ಬಯರ್ ಕಣ್ಣರಳಿಸಿ ಸಣ್ಣಗೆ ಚಪ್ಪಾಳೆ ತಟ್ಟಿದ. ನಿಹೊಂಗೊ ಜೋಜು ದೆಸು ನೆ, ಅಂದ. ಇದು ನನಗೆ ಗೊತ್ತಿತ್ತು: ನಿಮ್ಮ ಜಪಾನಿ ಬಹಳ ಚೆನ್ನಾಗಿದೆ. ಬೀಗಕ್ಕೆ ಬೆರಳು ತೋರಿಸಿ ಇನ್ನೊಮ್ಮೆ ಹೇಳಿದೆ. ಅವನ ನಗು ಹಾಗೇ ಇತ್ತು. ಬೀಗ ನೋಡಿದ, ಯಜಮಾನರನ್ನು ನೋಡಿದ, ಏನೋ ಉದ್ದಕ್ಕೆ ಹೇಳಿದ. ನನಗೆ ಒಂದಕ್ಷರ ದಕ್ಕಲಿಲ್ಲ. ದುಭಾಷಿ ಅದನ್ನು ನಮ್ಮ ಮಾತಿಗೆ ತರಲಿಲ್ಲ. ಕೀಲಿ ಮನೆಯಲ್ಲಿದೆ ಅಂದರು ಯಜಮಾನರು, ಸೊಂಟದ ಮೇಲೆ ಕೈಯಿಟ್ಟುಕೊಂಡು. ಎಲ್ಲರೂ ಬಗ್ಗಿದರು. ಕಾರು ಹೋಯಿತು.

ಮಾರನೆಯ ದಿನದಿಂದ ಪಾಠ ನಿಂತಿತು. ನನ್ನನ್ನು ದಾರ ಕತ್ತರಿಸುವ ಮೂಲೆಗೆ ಕೂರಿಸಿದರು. ಜಪಾನಿ ಆಡಿ ಏನು ಕಡಿದು ಗುಡ್ಡೆ ಹಾಕಿದೆಯೇ ಗಿಳಿಮರಿ, ಎಂದು ಗುಂಡಿ ಹೊಲಿಯುವ ದೊಡ್ಡಮ್ಮ ಕೇಳಿದಳು. ನನ್ನ ಉಚ್ಚಾರಣೆ ಚೆನ್ನಾಗಿದೆಯಂತೆ, ಅಂದೆ. ಸಾಲಿಗೆ ಸಾಲೇ ನಕ್ಕಿತು. ಮನೆಯಲ್ಲಿ ಅತ್ತಿಗೆ ಮಾತ್ರ ನಗಲಿಲ್ಲ. ಅವನಿಗೆ ತಿಳಿಯಲಿಲ್ಲವೇನೋ ಅಂದಳು.

ತಿಳಿದಿತ್ತು. ಕೆಲವು ವಾರಗಳಾದ ಮೇಲೆ ಸೂಪರ್‌ವೈಸರ್ ಬಂದು ಯಂತ್ರಗಳನ್ನು ನಿಲ್ಲಿಸಿದ. ಕೆಲಸದವರನ್ನು ಬೀಗದ ಒಳಗಿಟ್ಟು ಹೊಲಿಸುವ ಕಡೆ ಬಯರ್ ಇನ್ನು ಮುಂದೆ ಕೊಳ್ಳುವುದಿಲ್ಲವಂತೆ. ಬೀಗ ತೆಗೆಯುತ್ತೇನೆ, ಈಗಲೇ ತೆಗೆಯುತ್ತೇನೆ ಎಂದು ಯಜಮಾನರು ಫೋನಿನಲ್ಲಿ ಅಂಗಲಾಚಿದರಂತೆ. ಆ ಕಡೆಯಿಂದ ಬಹಳ ಮರ್ಯಾದೆಯಿಂದ ಕ್ಷಮೆ ಕೇಳಿ ಫೋನಿಟ್ಟರಂತೆ. ಬಾಗಿಲು ತೆಗೆಯಿರಿ ಅಂದವಳಿಗೆ ಅವನು ತನ್ನ ಬಾಗಿಲು ಮುಚ್ಚಿಕೊಂಡು ಕೈ ತೊಳೆದುಕೊಂಡಿದ್ದ. ಬೇರೆ ಗಿರಾಕಿ ಯಜಮಾನರಿಗೆ ಇರಲಿಲ್ಲ.

ಶೆಡ್ಡು ಖಾಲಿ ಮಾಡುವ ದಿನ ನಮ್ಮ ಸಾಮಾನು ಒಯ್ಯಲು ಎಲ್ಲರೂ ಹೋಗಿದ್ದೆವು. ಅತ್ತಿಗೆಯೂ ಬಂದಳು. ಬೇಡವೆಂದರೂ ಕೇಳಲಿಲ್ಲ. ಯಂತ್ರದ ಮೇಜುಗಳು ಮುಂಬಾಗಿಲಿನಲ್ಲಿ ಹಿಡಿಸಲಿಲ್ಲ. ಲಾರಿಯನ್ನು ಹಿಂದಕ್ಕೆ ತಂದು ನಿಲ್ಲಿಸಿದರು. ಯಜಮಾನರು ಯಾರ ಮುಖವನ್ನೂ ನೋಡದೆ ಸೊಂಟದಿಂದ ಕೀಲಿ ತೆಗೆದರು. ಅದು ತಿರುಗಲಿಲ್ಲ. ಇಸ್ತ್ರಿಯವನು ಎಣ್ಣೆ ಬಿಟ್ಟು ಬೀಗಕ್ಕೆರಡು ಏಟು ಕೊಟ್ಟು, ಹಲಗೆಗೆ ಹೆಗಲು ಕೊಟ್ಟ.

ಗಾಳಿ ಒಳಗೆ ಬಂತು. ನೆಲದ ದಾರದ ತುಂಡುಗಳೆಲ್ಲ ಎದ್ದು ನಮ್ಮ ಕಾಲಿಗೆ ಸುತ್ತಿಕೊಂಡವು. ಹೆಂಗಸರು ಬಾಗಿಲನ್ನೂ ನೋಡಿದರು, ನನ್ನನ್ನೂ ನೋಡಿದರು.

"ತೆಗೆಸಿದೆಯಲ್ಲ ತಾಯೀ," ಅಂದಳು ದೊಡ್ಡಮ್ಮ.

ಅತ್ತಿಗೆ ಎಡಗೈಯಲ್ಲಿ ನನ್ನ ಮೊಣಕೈ ಹಿಡಿದು, ಕಾಲರಿನ ಯಂತ್ರ ಹೊತ್ತವರಿಗೆ ದಾರಿ ಬಿಟ್ಟು, ಅವರ ಹಿಂದೆಯೇ ನನ್ನನ್ನು ಆ ಬಾಗಿಲಿನಿಂದ ಹೊರಗೆ ಕರೆದುಕೊಂಡು ಹೋದಳು.