ಕನ್ನಡಿಯ ಮೇಲಿನ ಹೊತ್ತು

ನೀರಿನ ಕ್ಯಾನು ಹೊತ್ತು ತನ್ನ ಸಲೂನಿನೊಳಗೆ ಬಂದ ನಸ್ಸೊಲೊ ಮೂರನೆಯ ಕನ್ನಡಿಯ ಎದುರು ನಿಂತುಬಿಟ್ಟಳು. ಗಾಜಿನ ಮೇಲೆ ಏನೂ ಇರಲಿಲ್ಲ.

"ಇಲ್ಲಿ ಟೈಮ್ ಬರ್ದಿದ್ನಲ್ಲ, ಎಲ್ಲಿ?"

"ನಾನೇ ಒರೆಸ್ದೆ," ಎಂದಳು ಸೆಂಗ, ಮದುಮಗಳ ಸೋದರತ್ತೆ. ಅವಳು ತೊಟ್ಟ ಗೊಮೆಸಿ ನಿಲುವಂಗಿಯ ನಡುಪಟ್ಟಿಯ ತುದಿಗೆ ಕೆಂಪು ಮಸಿ ಹತ್ತಿತ್ತು. "ಫೋಟೊ ತೆಗ್ಯೋಣ ಅಂದ್ರೆ ಕನ್ನಡೀಲಿ ಹುಡುಗಿ ಹಣೆ ಮೇಲೇ ನಿನ್ನ ಅಂಕಿ ಕೂತಿತ್ತಮ್ಮ, ಟ್ಯಾಕ್ಸಿ ನಂಬರ್ ಥರ! ಒರೆಸಿದ್ದೂ ದಂಡ, ಅಷ್ಟರಲ್ಲಿ ಫೋನೇ ಸತ್ತೋಯ್ತು."

ಕುರ್ಚಿಯಲ್ಲಿದ್ದ ಮದುಮಗಳು ನಾಲ್ವೋಗ ನಕ್ಕಳು, ತಲೆ ಅಲುಗಿಸದೆ. ಅವಳ ಕೂದಲ ಬುಡಕ್ಕೆಲ್ಲ ನೇರ ಮಾಡುವ ಕ್ರೀಮು ಮೆತ್ತಿತ್ತು. ನಾಳೆ ಬೆಳಿಗ್ಗೆ ಹುಡುಗನ ಕಡೆಯವರು ಅವಳ ತಂದೆಯ ಅಂಗಳಕ್ಕೆ ಬರುವವರಿದ್ದರು.

ಆ ಕ್ರೀಮು ಹದಿನೈದು ನಿಮಿಷ ಮೀರಿದರೆ ನೆತ್ತಿ ಸುಡುತ್ತದೆ. ಹಚ್ಚಿದ ನಿಮಿಷವನ್ನು ಬಿಳಿ ಹಲಗೆಯ ಮಾರ್ಕರಿನಿಂದ ಗಿರಾಕಿಯ ಕನ್ನಡಿಯ ಮೇಲೇ ಬರೆದಿಡುವುದು ನಸ್ಸೊಲೊ ಕಂಡುಕೊಂಡ ಉಪಾಯ. ಕ್ರೀಮಿಗೆ ಕೆಂಪು, ಎಣ್ಣೆಗೆ ಹಸಿರು. ಮನೆಯಲ್ಲೂ ಅದೇ ಮಾರ್ಕರು: ನೀರು ಕುದಿಸಿದ ದಿನ ಡ್ರಮ್ಮಿನ ಮೇಲೆ, ಗಂಡನಿಗೆ ಹೇಳಬೇಕಾದದ್ದು ಫ್ರಿಜ್ಜಿನ ಬಾಗಿಲ ಮೇಲೆ. ಅವನೂ ಕೆಳಗೆ ಒಂದು ಪದ ಬರೆದು ಕೆಲಸಕ್ಕೆ ಹೋಗುತ್ತಿದ್ದ. ಬರೆದದ್ದನ್ನು ಮನಸ್ಸಿನಲ್ಲೂ ಇಟ್ಟುಕೊಳ್ಳುವ ಅಭ್ಯಾಸ ಅವಳಿಗೆ ಯಾವಾಗಲೋ ತಪ್ಪಿಹೋಗಿತ್ತು. ಕಂಪಾಲಾದ ಆ ಓಣಿಯಲ್ಲಿ ನಲ್ಲಿ ಬತ್ತಿ ಎರಡು ದಿನವಾಗಿತ್ತು; ನೀರಿಗೆಂದು ಹೋದಲ್ಲಿ ಸಾಲಿತ್ತು. ಹೋಗಿ ಹತ್ತು ನಿಮಿಷವಾಯಿತೋ, ಇಪ್ಪತ್ತೋ?

"ಅಂಕಿ ಏನಿತ್ತು, ನೆನಪಿದ್ಯಾ?"

"ಅಯ್ಯೋ, ಅದನ್ಯಾರು ಓದ್ತಾರೆ!"

ನಸ್ಸೊಲೊ ಹುಡುಗಿಯ ಕಡೆ ಬಾಗಿದಳು. "ಉರೀತಿದ್ಯಾ ತಂಗಿ?"

"ಇಲ್ಲ ಅಕ್ಕ."

ಉತ್ತರ ತೀರಾ ಬೇಗ ಬಂತು. ಆ ಕುರ್ಚಿಯಲ್ಲಿ ಕೂತವರೆಲ್ಲ ಹೇಳುವುದು ಅದನ್ನೇ. ಉರಿ ಎಂದರೆ ತೊಳೆದುಬಿಡುತ್ತಾರೆ, ತೊಳೆದರೆ ಗುಂಗುರು ಉಳಿಯುತ್ತದೆ. ಕಳೆದ ಡಿಸೆಂಬರಿನಲ್ಲಿ ಒಬ್ಬ ಹೆಂಗಸು ಹೀಗೇ ಇಲ್ಲ ಇಲ್ಲ ಎನ್ನುತ್ತ ಕೂತಿದ್ದಳು. ತೊಳೆಯುವಾಗ ಕೂದಲು ಹಿಡಿಹಿಡಿಯಾಗಿ ಕೈಗೆ ಬಂತು. ಅವಳು ಜಗಳವಾಡಲಿಲ್ಲ. ತಲೆಗೆ ಬಟ್ಟೆ ಸುತ್ತಿಕೊಂಡು, ಥ್ಯಾಂಕ್ಸ್ ಹೇಳಿ ಹೋದಳು. ಬೈದಿದ್ದರೆ ಇಷ್ಟು ಹೊತ್ತಿಗೆ ಮರೆತುಹೋಗುತ್ತಿತ್ತೇನೋ.

"ತೊಳೀತೀನಿ," ಎಂದಳು ನಸ್ಸೊಲೊ.

"ಈಗ್ಲೇನಾ? ನೆತ್ತೀಲಿ ಇನ್ನೂ ಸುರುಳಿ ಕಾಣ್ತಿದೆ," ಸೆಂಗಳ ದನಿ ಏರಿತು. "ನಾಳೆ ಆ ಕಡೆಯೋರು ಅರವತ್ತು ಜನ ಕಣ್ ಬಿಟ್ಕೊಂಡು ನೋಡ್ತಾರೆ. ಅರ್ಧ ನೇರ, ಅರ್ಧ ಗುಂಗುರು ಅಂತ ನಗೋಕಾ? ಇಷ್ಟೂ ತಡ್ಕೊಳ್ದೋಳು ಸಂಸಾರ ಏನ್ ಮಾಡ್ತಾಳೆ?"

ನಾಲ್ವೋಗ ಕನ್ನಡಿಯಲ್ಲಿ ತನ್ನನ್ನೇ ನೋಡುತ್ತಿದ್ದಳು. ಅವಳ ಹೆಬ್ಬೆರಳ ಉಗುರು ಕುರ್ಚಿಯ ಹರಿದ ರೆಕ್ಸಿನ್ನನ್ನು ಕೀಳುತ್ತಿತ್ತು.

ನಸ್ಸೊಲೊ ಮತ್ತೆ ಕೇಳಲಿಲ್ಲ. ಕುರ್ಚಿಯನ್ನು ಹಿಂದಿನ ಬೋಗುಣಿಯತ್ತ ಬಾಗಿಸಿ ಮೊದಲ ಮಗ್ಗು ಸುರಿದಳು. ಹುಡುಗಿಯ ಉಸಿರು ಒಮ್ಮೆಲೇ ಹೊರಬಂತು. ಕಿವಿಯ ಹಿಂದೆ, ಕ್ರೀಮು ತೊಳೆದುಹೋದ ಕಡೆ, ನಾಣ್ಯದಗಲ ಚರ್ಮ ಕೆಂಪಗೆ ಹಸಿಯಾಗಿತ್ತು.

"ನಿಲ್ಲಿಸ್ಬೇಡಿ ಅಕ್ಕ," ಎಂದಳು ನಾಲ್ವೋಗ, ಕಣ್ಣು ಮುಚ್ಚಿಯೇ. "ನೀರು ಹಾಕ್ತಾನೇ ಇರಿ."

ಸೆಂಗ ಎದ್ದು ಬಂದು, ಹುಡುಗಿಯ ಕತ್ತು ಬೋಗುಣಿಯ ಅಂಚಿಗೆ ಒತ್ತದಂತೆ ತನ್ನ ಅಂಗೈಯನ್ನು ಕೆಳಗಿಟ್ಟಳು. ಗೊಮೆಸಿಯ ತೋಳಿನೊಳಗೆಲ್ಲ ನೀರು ಇಳಿಯಿತು. ಅವಳು ಕೈ ತೆಗೆಯಲಿಲ್ಲ.