ಎದುರುಪಕ್ಷದ ಹುಡುಗಿ

ತಂಡದ ಮೂವರಲ್ಲಿ ಅವಳ ಪಾಲಿಗೆ ಬಂದದ್ದು ಶತ್ರುವಿನ ಪಾತ್ರ. ವಿಶ್ವವಿದ್ಯಾಲಯದ ಚರ್ಚಾಸ್ಪರ್ಧೆಗೆ ಕೊಟ್ಟ ವಿಷಯ ‘ಪರೀಕ್ಷೆಗಳನ್ನು ರದ್ದು ಮಾಡಬೇಕು’. ಪರವಾಗಿ ಮಾತಾಡುವವರು ಇಬ್ಬರು: ಕಾನೂನು ಓದುತ್ತಿದ್ದ ನಾಯಕ ‘ವಕೀಲ’, ಮೈಕಿನ ಹಂಗೇ ಬೇಕಿಲ್ಲದ ಗೆಳತಿ ‘ಗುಡುಗು’. ಜನರ ನಡುವೆ ತುಟಿ ಬಿಚ್ಚದ ಇವಳಿಗೆ ಅವರಿಟ್ಟ ಹೆಸರು ‘ಬೀಗ’. ಅಭ್ಯಾಸದ ಹೊತ್ತಿಗೆ ವಿರೋಧಿಯಾಗಿ ಕೂತು ಅವರಿಬ್ಬರ ವಾದಕ್ಕೆ ತೂತು ಕೊರೆಯುವುದಷ್ಟೇ ಅವಳ ಕೆಲಸ. ವೇದಿಕೆಯ ಮೇಲೆ ಬಾಯಿ ತೆರೆಯಬೇಕಾಗಿರಲಿಲ್ಲ.

ಆ ಕೆಲಸವನ್ನು ಅವಳು ಚೆನ್ನಾಗಿಯೇ ಮಾಡಿದಳು. ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ, ಮೇಜಿನ ಮೇಲೆ ನೆಟ್ಟ ಕಣ್ಣು ಕೀಳದೆ.

“ಪರೀಕ್ಷೆ ಮಕ್ಕಳಿಗೆ ಭಯ ಹುಟ್ಟಿಸುತ್ತೆ,” ಎಂದ ವಕೀಲ.

“ನೀರಿಗಿಳಿಯೋಕೂ ಭಯ ಆಗುತ್ತೆ. ಹಾಗಂತ ಕೆರೆ ಮುಚ್ಚಿಸ್ತೀಯಾ?”

ಗುಡುಗು ಬಿದ್ದು ಬಿದ್ದು ನಕ್ಕಳು. “ಲೇ, ನೀನು ಯಾರ ಕಡೆಯವಳೇ?”

“ಪರ-ವಿರೋಧ ಅಲ್ಲೇ ಚೀಟಿ ಎತ್ತಿ ಹೇಳ್ತಾರಂತೆ,” ಎಂದಳು ಇವಳು. “ಎರಡೂ ಕಡೆ ತಯಾರಾಗೋದು ಬೇಡ್ವಾ?”

“ಚೀಟಿ ಎತ್ತೋನು ನಾನು,” ಎಂದ ವಕೀಲ. “ ನನಗೆ ‘ಪರ’ ಬಿಟ್ಟು ಬೇರೆ ಬಂದೇ ಇಲ್ಲ. ಕೈಗುಣ ಕಣೇ!”

ಸ್ಪರ್ಧೆಯ ಬೆಳಿಗ್ಗೆ ಅವಳಿಗೆ ಜಡೆ ಹಾಕುತ್ತಾ ಅಕ್ಕ ಹೇಳಿದಳು: “ಮಾತು ಬೆಳ್ಳಿ, ಮೌನ ಬಂಗಾರ ಅಂತಾರೆ. ಮನೆ ತುಂಬಾ ನಿನ್ನ ಬಂಗಾರಾನೇ ಆಯ್ತು. ಇವತ್ತಾದ್ರೂ ಒಂದು ಚೂರು ಬೆಳ್ಳಿ ತೆಗಿ ತಾಯಿ.”

ಸಭಾಂಗಣ ಕಿಕ್ಕಿರಿದಿತ್ತು. ಸೋತವರು ಮನೆಗೆ, ಗೆದ್ದವರು ಅಂತಿಮ ಸುತ್ತಿಗೆ. ವಕೀಲ ಗತ್ತಿನಿಂದ ಹೋಗಿ ಚೀಟಿ ಎತ್ತಿದ. ಬಿಡಿಸಿ ನೋಡಿದವನ ಮುಖ ಇಂಗು ತಿಂದ ಮಂಗನಂತಾಯಿತು. ವಿರೋಧ.

“ನಾನು ಒಂದು ಸಾಲೂ ಓದ್ಕೊಂಡಿಲ್ವಲ್ಲೇ,” ಎಂದು ಗುಡುಗು ಪಿಸುಗುಟ್ಟಿದಳು. ಅವಳು ಪಿಸುಗುಟ್ಟಿದ್ದನ್ನು ಯಾರೂ ಹಿಂದೆ ಕೇಳಿರಲಿಲ್ಲ.

ಇಬ್ಬರೂ ಇವಳತ್ತ ತಿರುಗಿದರು. ಇವಳ ಎದೆ ನಗಾರಿ ಹೊಡೆಯುತ್ತಿತ್ತು, ನಿಜ. ಆದರೆ ಆ ಸದ್ದಿನ ಅಡಿಯಲ್ಲಿ ಒಂದು ತಣ್ಣನೆಯ ಲೆಕ್ಕವೂ ನಡೆದಿತ್ತು: ಎದುರಿನವರು ಏನು ಹೇಳುತ್ತಾರೆಂದು ತನಗೆ ಗೊತ್ತು. ವಾರಗಟ್ಟಲೆ ಅದನ್ನೇ ಕೇಳಿ, ದಿನವೂ ಸೋಲಿಸಿಯಾಗಿದೆ.

“ಮೊದಲು ನಾನು ಮಾತಾಡ್ತೀನಿ,” ಎಂದಳು. ಆಮೇಲೆ ಅಧ್ಯಕ್ಷರತ್ತ ನೋಡಿ, “ಸಾರ್, ಕೂತು ಮಾತಾಡಬಹುದಾ? ನನಗೆ ನಿಂತು ಅಭ್ಯಾಸ ಇಲ್ಲ.”

ಸಭೆ ಗೊಳ್ಳೆಂದಿತು. ಅಧ್ಯಕ್ಷರು ಪಕ್ಕದವರನ್ನು ಕೇಳಿ, ಕನ್ನಡಕ ಸರಿಮಾಡಿಕೊಂಡು, “ನಿಂತೇ ಮಾತಾಡಬೇಕು ಅಂತ ನಿಯಮವೇನಿಲ್ಲಮ್ಮ. ಕೂತ್ಕೋ,” ಎಂದರು.

ಕೂತಳು. ಮೇಜಿಗೆ ಕಣ್ಣು ನೆಟ್ಟು ಶುರುಮಾಡಿದಳು. ದನಿ ಸಣ್ಣದು, ಕೇಳಿಸಿಕೊಳ್ಳಲು ಹಿಂದಿನ ಸಾಲಿನವರು ಮುಂದಕ್ಕೆ ಬಾಗಿದರು, ಗುಸುಗುಸು ತಾನಾಗಿ ನಿಂತಿತು. ಎದುರಾಳಿ ನಾಯಕಿ ಎದ್ದು, “ಒಂದು ದಿನದ ಜ್ವರ ಇಡೀ ವರ್ಷದ ಓದನ್ನು ನುಂಗಿಬಿಡುತ್ತೆ, ಇದು ನ್ಯಾಯವಾ?” ಎಂದು ಸವಾಲೆಸೆದಳು. ಗುರುವಾರದ ಅಭ್ಯಾಸದಲ್ಲಿ ವಕೀಲ ಕೇಳಿದ್ದೂ ಅದನ್ನೇ.

ಮಾತು ಶುರುಮಾಡಿದ ಮೇಲೆ ಇವಳು ಮೊದಲ ಸಲ ತಲೆಯೆತ್ತಿದಳು. “ಜ್ವರ ಬಂದವರಿಗೆ ಇನ್ನೊಂದು ಪರೀಕ್ಷೆ ಕೊಡಿ. ಪರೀಕ್ಷೆ ತೆಗೆದುಹಾಕಿದ್ರೆ, ಪರಿಚಯ ಇದ್ದವರ ಮಕ್ಕಳು ಮುಂದೆ ಹೋಗ್ತಾರೆ. ನನ್ನಂಥವರನ್ನ ಯಾರು ಕೇಳ್ತಾರೆ? ನಾಲ್ಕು ಜನರ ಮುಂದೆ ನನಗೆ ಮಾತು ಹೊರಡಲ್ಲ. ಉತ್ತರ ಪತ್ರಿಕೆ ನನ್ನ ಮುಖ ನೋಡಲ್ಲ, ಅಷ್ಟೇ ನನಗೆ ಬೇಕಾಗಿರೋದು.”

ಚಪ್ಪಾಳೆ ಹಿಂದಿನ ಸಾಲಿನಿಂದ ಬಂತು.

ಫಲಿತಾಂಶ ಇವರ ತಂಡದ ಕಡೆಗಾಯಿತು. ಮೆಟ್ಟಿಲಿಳಿಯುತ್ತಾ ವಕೀಲ ಕತ್ತು ಕೆರೆದುಕೊಂಡ. “ಫೈನಲ್‌ನಲ್ಲಿ... ಮೊದಲು ನಾನು ಮಾತಾಡ್ಲಾ?”

“ನೀನು ಕೊನೆಗೆ ಮಾತಾಡು,” ಎಂದಳು ಇವಳು. “ಮೊದಲನೇದು ನನಗಿರಲಿ.”